ಕಡಲಾಚೆಯ ಅತಿಥಿಯ ಮೊದಲ ದಿನ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಿಂದ ವಿದ್ಯೆ, ಉದ್ಯೋಗಗಳ ನಿಮಿತ್ತ ಹೊರಟ ಅನೇಕರು ಇಂದು ಅಮೆರಿಕ, ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ್ದಾರೆ. ದೀರ್ಘ ರಜೆ ದೊರೆತಾಗ ಅವರು ಮಡದಿ ಮಕ್ಕಳೊಡನೆ, ಕೆಲವೊಮ್ಮೆ ವಿದೇಶಿ ಮಿತ್ರರೊಡನೆ ಊರಿಗೆ ಬರುವುದುಂಟು. ಬೆಂಗಳೂರಿನಲ್ಲಿ ವಿಮಾನ ಇಳಿದು, ಬಾಡಿಗೆ ಕಾರಿನಲ್ಲಿ ಮನೆ ಸೇರಿ, ಅಲ್ಲಿಂದ ಬನವಾಸಿ, ಯಾಣ, ಉಂಚಳ್ಳಿ, ಮಾಗೋಡು, ಗೋಕರ್ಣ ಎಂದು ಹತ್ತು ಹದಿನೈದು ದಿನ ರಸ್ತೆಯ ಮೇಲೆಯೇ ಸಂಚರಿಸುತ್ತಾರೆ. ಪ್ರವಾಸೋದ್ಯಮದ ಪ್ರಸ್ತಾಪ ಬಂದಾಗಲೆಲ್ಲ ಜಲಪಾತಗಳ ಎತ್ತರ, ದೇವಾಲಯಗಳ ಪ್ರಾಚೀನತೆಗಳ ಬಗೆಗೆ ಮಾತು ಬೆಳೆಯುತ್ತದೆ. ಆದರೆ ಈ ಪ್ರವಾಸದ ಮೊದಲ ದಿನ ಹೇಗೆ ಕಳೆಯುತ್ತದೆ ಎಂಬುದರತ್ತ ವರ್ತಕ ಸಮುದಾಯದ ಗಮನ ಹರಿದಂತಿಲ್ಲ. ಲಾಭ ನಷ್ಟಗಳೆರಡೂ ಬಹುಮಟ್ಟಿಗೆ ನಿರ್ಧಾರವಾಗುವುದು ಆ ದಿನದಲ್ಲೇ.

ಲೆಕ್ಕ ಸರಳವಾಗಿದೆ. ದೂರದೇಶಗಳ ವಿಮಾನಗಳಲ್ಲಿ ಹಲವು ದೇವನಹಳ್ಳಿಯ ನಿಲ್ದಾಣವನ್ನು ಮುಟ್ಟುವುದು ಮಧ್ಯರಾತ್ರಿ ಕಳೆದು ನಸುಕಿನೊಳಗೆ. ಅಮೆರಿಕದಿಂದ ಹೊರಟವರು ಅಷ್ಟು ಹೊತ್ತಿಗೆ ಸುಮಾರು ಒಂದು ಇಡೀ ದಿನವನ್ನು ಪ್ರಯಾಣದಲ್ಲೇ ಕಳೆದಿರುತ್ತಾರೆ. ನ್ಯೂಯಾರ್ಕಿನ ಗಡಿಯಾರಕ್ಕಿಂತ ಭಾರತದ ಗಡಿಯಾರ ಋತುಮಾನಕ್ಕನುಸಾರ ಒಂಬತ್ತೂವರೆ ಇಲ್ಲವೆ ಹತ್ತೂವರೆ ಗಂಟೆ ಮುಂದಿದೆ. ಹಗಲು ರಾತ್ರಿಗಳು ಅದಲುಬದಲಾದ ಈ ಸ್ಥಿತಿಯಲ್ಲಿ ಅವರ ಮುಂದೆ ಇನ್ನೂ 400 ಕಿಲೋಮೀಟರಿಗೂ ಮಿಕ್ಕ ರಸ್ತೆ ಉಳಿದಿರುತ್ತದೆ. ಈ ಮೂರೂ ತಾಲ್ಲೂಕು ಕೇಂದ್ರಗಳಿಗೆ ರೈಲು ಹಳಿಯಿಲ್ಲ. ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ತಾಳಗುಪ್ಪ. ಅಲ್ಲಿಂದ ಮುಂದೆ ರಸ್ತೆಯೇ ಗತಿ.

ಅತಿಥಿಯ ಆಯಾಸಕ್ಕಿಂತ ಗಂಭೀರವಾದುದು ಚಾಲಕನ ಆಯಾಸ. ಊರಿನಿಂದಲೇ ಗಾಡಿ ತರಿಸಿಕೊಳ್ಳುವುದು ಇಲ್ಲಿಯ ರೂಢಿ. ಚಾಲಕ ಹಿಂದಿನ ದಿನ ಬೆಳಿಗ್ಗೆ ಹೊರಟು ಸಂಜೆಗೆ ಬೆಂಗಳೂರು ಸೇರುತ್ತಾನೆ. ನಿಲ್ದಾಣದ ವಾಹನ ತಾಣದಲ್ಲಿ ಸೀಟು ಹಿಂದಕ್ಕೆ ಬಾಗಿಸಿ ತೂಕಡಿಸುತ್ತಾನೆ. ರಾತ್ರಿ ಎರಡಕ್ಕೆ ಸಾಮಾನು ಏರಿಸಿಕೊಂಡು ಮತ್ತೆ ಚಕ್ರ ಹಿಡಿಯುತ್ತಾನೆ. ಒಂದೂವರೆ ದಿನದೊಳಗೆ 800 ಕಿಲೋಮೀಟರು ಒಬ್ಬನೇ ಮನುಷ್ಯನ ಕಣ್ಣಿನ ಮೇಲೆ ನಡೆಯುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆಯ ದುಡಿಮೆಯನ್ನೂ, ಸತತ 5 ಗಂಟೆಗಳ ಬಳಿಕ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿಯನ್ನೂ ಸಾಮಾನ್ಯ ನಿಯಮವಾಗಿ ವಿಧಿಸಿತ್ತು. ಐದಕ್ಕಿಂತ ಕಡಿಮೆ ಕಾರ್ಮಿಕರಿದ್ದ ಸಂಸ್ಥೆಗಳು ಅದರ ವ್ಯಾಪ್ತಿಗೆ ತಾವಾಗಿ ಬರುತ್ತಿರಲಿಲ್ಲವಾದ್ದರಿಂದ ಒಂದು, ಎರಡು ಟ್ಯಾಕ್ಸಿಗಳ ಮಾಲೀಕರು ಹೊರಗುಳಿದರು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಕಾನೂನಿನ ಹೆಸರು ಏನೇ ಇರಲಿ, ನಿದ್ರೆಯ ನಿಯಮ ಬದಲಾಗುವುದಿಲ್ಲ.

ಈ ಭಾಗದ ರಸ್ತೆಗಳ ಸ್ವಭಾವವನ್ನು ವರ್ತಕರಿಗೆ ಹೇಳಿಕೊಡಬೇಕಾದುದಿಲ್ಲ. 2021ರ ಜುಲೈನಲ್ಲಿ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ ಆದ ನಷ್ಟವನ್ನು ಯಲ್ಲಾಪುರದ ಪೇಟೆ ಬಲ್ಲದು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ವ್ಯಾಪಾರಿಗಳ ಲಾರಿ ಅದೇ ಘಟ್ಟದ ಸಮೀಪ ಉರುಳಿ ಹತ್ತು ಜೀವಗಳು ಹೋದವು. ಅದು ಪ್ರವಾಸಿಗರ ವಾಹನವಾಗಿರಲಿಲ್ಲ. ಸತ್ತವರು ವ್ಯಾಪಾರದ ಬಂಧುಗಳೇ. ಆದರೆ ರಸ್ತೆ ಅದೇ, ಹೊತ್ತೂ ಅದೇ. ನಿದ್ರೆಗೆಟ್ಟ ಚಾಲಕನ ಕೈಯಲ್ಲಿ ಕುಟುಂಬವೊಂದನ್ನು ಆ ಹೊತ್ತಿನಲ್ಲಿ ರಸ್ತೆಗಿಳಿಸುವುದು ಸೇವೆಯಲ್ಲ, ಜೂಜು.

ಆದುದರಿಂದ ಟ್ಯಾಕ್ಸಿ ಮಾಲೀಕರು, ವಸತಿಗೃಹ ಹಾಗೂ ಹೋಂಸ್ಟೇ ನಡೆಸುವವರು ಒಂದು ಸಾಮಾನ್ಯ ಕಟ್ಟಳೆಗೆ ಬರುವುದು ಅತ್ಯವಶ್ಯ. ರಾತ್ರಿ ಇಳಿಯುವ ಅತಿಥಿಗೆ ಒಬ್ಬನೇ ಚಾಲಕನ ಗಾಡಿಯನ್ನು ಕಳುಹಿಸಬಾರದು. ಒಂದೋ ಇಬ್ಬರು ಚಾಲಕರಿರಬೇಕು. ಇಲ್ಲವೆ ಅತಿಥಿ ಬೆಂಗಳೂರಿನಲ್ಲೋ ತುಮಕೂರಿನಲ್ಲೋ ತಂಗಿ, ಚಾಲಕನೂ ನಿದ್ರಿಸಿ, ಬೆಳಗಾದ ಮೇಲೆ ಹೊರಡಬೇಕು. ಹುಬ್ಬಳ್ಳಿಯವರೆಗೆ ವಿಮಾನ ಉಂಟು. 2023ರ ಜೂನ್‌ನಿಂದ ವಂದೇ ಭಾರತ್ ರೈಲೂ ಓಡುತ್ತಿದೆ. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಸುಮಾರು 70, ಶಿರಸಿಗೆ ಸುಮಾರು 100 ಕಿಲೋಮೀಟರು. ಸ್ಥಳೀಯ ಟ್ಯಾಕ್ಸಿ ಅಲ್ಲಿಂದ ಹಗಲಿನಲ್ಲಿ ಕರೆತಂದರೆ ಬಾಡಿಗೆಯ ಮೊತ್ತ ಕಡಿಮೆಯಾದೀತು, ಆದರೆ ಅದೇ ಗಾಡಿ ಮರುದಿನದ ಸುತ್ತಾಟಕ್ಕೆ ಸಿದ್ಧವಾಗಿರುತ್ತದೆ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಎರಡನೆಯ ಚಾಲಕನ ಭತ್ಯೆ ಯಾರು ಕೊಡಬೇಕು, ಒಂದು ರಾತ್ರಿಯ ವಸತಿಯ ಹಣ ಹೊರಜಿಲ್ಲೆಗೆ ಹೋಗುವುದಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಕಡಲು ದಾಟಿ ಬರಲು ಕುಟುಂಬವೊಂದು ವೆಚ್ಚ ಮಾಡುವ ಮೊತ್ತದಲ್ಲಿ ಆ ಭತ್ಯೆ ಅತ್ಯಲ್ಪ. ದರಪಟ್ಟಿಯಲ್ಲಿ ಮೊದಲೇ ಕಾಣಿಸಿದರೆ ತಕರಾರು ಬರುವುದಿಲ್ಲ. ಇನ್ನು ವಸತಿಯ ಮಾತು. ನಿದ್ರೆಗೆಟ್ಟು ಬಂದು ಮೊದಲೆರಡು ದಿನ ಹಾಸಿಗೆ ಹಿಡಿಯುವ ಅತಿಥಿ ಪೇಟೆಗೆ ಕಾಲಿಡುವುದಿಲ್ಲ. ಉಲ್ಲಾಸದಿಂದ ಬಂದವನು ಮೊದಲ ಸಂಜೆಯೇ ಅಂಗಡಿ ಹೊಕ್ಕುತ್ತಾನೆ. ಒಂದು ರಾತ್ರಿ ಬಿಟ್ಟುಕೊಟ್ಟು ಎರಡು ಹಗಲು ಪಡೆಯುವುದು ನಷ್ಟದ ವ್ಯಾಪಾರವಲ್ಲ.

ಅತಿಥಿ ತಲುಪಿದ ಮೇಲೂ ಕೆಲವು ಕರ್ತವ್ಯಗಳಿವೆ. ಚಾಲಕನಿಗೆ ಶುಚಿಯಾದ ಹಾಸಿಗೆ, ಸ್ನಾನದ ಮನೆ, ಬಿಸಿಯೂಟ ಒದಗಿಸುವುದನ್ನು ವಸತಿ ನಡೆಸುವವರು ದಾನವೆಂದು ಭಾವಿಸದೆ ವ್ಯವಹಾರದ ಅಂಗವೆಂದು ತಿಳಿಯಬೇಕು; ಮರುದಿನ ಘಟ್ಟದ ತಿರುವುಗಳಲ್ಲಿ ಅತಿಥಿಯ ಪ್ರಾಣ ಕಾಯುವವನು ಅವನೇ. ವಿದೇಶಿ ಪಾಸ್‌ಪೋರ್ಟಿನ ಅತಿಥಿ ಬಂದಿಳಿದ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಆನ್‌ಲೈನ್ ಮೂಲಕ ವಿವರ ಸಲ್ಲಿಸುವುದು ವಸತಿ ನೀಡುವವರ ಹೊಣೆ. ಇದನ್ನು ಮೊದಲ ದಿನವೇ ಮುಗಿಸಬೇಕು. ವಿದೇಶಿ ಬ್ಯಾಂಕಿನ ಕಾರ್ಡು ಹಿಡಿದು ಬಂದವರಿಗೆ ಕ್ಯೂಆರ್ ಫಲಕವೊಂದೇ ಸಾಲದು; ಕಾರ್ಡು ಉಜ್ಜುವ ಯಂತ್ರವೂ ಅಂಗಡಿಯಲ್ಲಿರಬೇಕು.

ಮಾರಾಟದ ಸರಕಿಗೇನೂ ಕೊರತೆಯಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಶಿರಸಿ ಸುಪಾರಿಯ ಬೆಳೆ ಪ್ರದೇಶ ಇದೇ ಮೂರು ತಾಲ್ಲೂಕುಗಳು. ಕಾಳುಮೆಣಸು, ಏಲಕ್ಕಿ, ಜೇನುತುಪ್ಪ, ಜೋನಿಬೆಲ್ಲ, ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿಗಳ ಹೆಸರು ಕೇಳಿದರೆ ಪರದೇಶವಾಸಿಯ ನಾಲಿಗೆ ಬಾಲ್ಯಕ್ಕೆ ಮರಳುತ್ತದೆ. ಆದರೆ ಅವನು ಹಿಂದಿರುಗುವ ಮುನ್ನಾದಿನ ಅವಸರದಲ್ಲಿ ಕೊಂಡ ಸಡಿಲ ಪೊಟ್ಟಣ ಕಡಲು ದಾಟುವುದು ಕಷ್ಟ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಹಾರ ಪದಾರ್ಥವನ್ನು ಇಳಿದೊಡನೆ ಘೋಷಿಸಲೇಬೇಕು. ಪದಾರ್ಥ, ತಯಾರಿಕೆಯ ದಿನಾಂಕ, ತಯಾರಕರ ವಿಳಾಸಗಳನ್ನು ಇಂಗ್ಲಿಷಿನಲ್ಲೂ ಮುದ್ರಿಸಿದ ಭದ್ರವಾದ ಪೊಟ್ಟಣವಿದ್ದರೆ ಘೋಷಣೆ ಸುಲಭ. ಸಣ್ಣ ತಯಾರಕರು ತಮ್ಮ ಸರಕುಗಳ ಪಟ್ಟಿಯೊಂದನ್ನು ಮೊದಲ ದಿನವೇ ಅತಿಥಿಯ ಕೋಣೆಗೆ ತಲುಪಿಸಿದರೆ, ಹತ್ತು ದಿನಗಳಲ್ಲಿ ಬೇಡಿಕೆಯಂತೆ ಸಿದ್ಧಪಡಿಸಿ ಕೊಡಲು ಸಮಯ ದೊರೆಯುತ್ತದೆ.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಅನುದಾನ ಬೇಕಾಗಿಲ್ಲ. ಟ್ಯಾಕ್ಸಿ ಮಾಲೀಕರು, ವಸತಿದಾರರು, ವರ್ತಕರು ಒಂದೆಡೆ ಕುಳಿತು ದರಪಟ್ಟಿಯಲ್ಲಿ ಎರಡನೆಯ ಚಾಲಕನ ಹೆಸರನ್ನು ಬರೆದರೆ ಅರ್ಧ ಕೆಲಸ ಆದಂತೆ. ರಾಶಿ, ಬೆಟ್ಟೆ, ಚಾಲಿ ಎಂದು ಅಡಿಕೆಯ ದರ್ಜೆಯನ್ನು ಕಣ್ಣಳತೆಯಲ್ಲೇ ಗುರುತಿಸುವ ಪೇಟೆಗೆ, ದಣಿದ ಚಾಲಕನ ಕಣ್ಣನ್ನು ಗುರುತಿಸುವುದು ಕಷ್ಟವಾಗಲಾರದು. ಮುಂದಿನ ರಜಾ ಕಾಲದ ಬಾಡಿಗೆಗಳು ಗೊತ್ತಾಗುವ ಮೊದಲೇ ಈ ಕಟ್ಟಳೆ ಜಾರಿಗೆ ಬರಲಿ.