ಕಿಸೆಯೊಳಗಿನ ಕಾವಲು

ಕುಡಿತವನ್ನು ಬಿಡುತ್ತೇನೆಂಬ ಸಂಕಲ್ಪ ಹುಟ್ಟುವುದು ಸಾಮಾನ್ಯವಾಗಿ ಬೆಳಗಿನ ಹೊತ್ತು. ಅದು ಮುರಿದು ಬೀಳುವುದು ಸಂಜೆಯ ಹೊತ್ತು. ಅನುಭವಸ್ಥರಾದ ಗೃಹಿಣಿಯರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಂದು ಬೆಳಿಗ್ಗೆ ಮಕ್ಕಳ ತಲೆ ಮುಟ್ಟಿ ಆಣೆಯಿಟ್ಟವನು ಸುಳ್ಳುಗಾರನೇನೂ ಅಲ್ಲ. ಆಣೆಯಿಡುವಾಗ ಅವನ ಮನಸ್ಸು ಶುದ್ಧವಾಗಿಯೇ ಇರುತ್ತದೆ. ಆದರೆ ಆಣೆಯಿಟ್ಟ ಘಳಿಗೆಗೂ ಆಸೆ ಕೆರಳುವ ಘಳಿಗೆಗೂ ನಡುವೆ ಇಡೀ ಹಗಲಿನ ಅಂತರವಿದೆ; ಆ ಎರಡನೆಯ ಘಳಿಗೆಯಲ್ಲಿ ಅವನು ಒಬ್ಬಂಟಿಗ.

ಬೆಂಗಳೂರಿನ ಉತ್ತರದಂಚಿನ ಸಿಂಗಾಪುರವನ್ನೇ ತೆಗೆದುಕೊಳ್ಳಿ. ವಿದ್ಯಾರಣ್ಯಪುರದ ಮಗ್ಗುಲಲ್ಲಿ, ತನ್ನದೊಂದು ಕೆರೆಯನ್ನಿಟ್ಟುಕೊಂಡಿದ್ದ ಈ ಹಳ್ಳಿ ಇಂದು ಬಡಾವಣೆಗಳ ನಡುವೆ ಬೆರೆತುಹೋಗಿದೆ. ಇಲ್ಲಿಯ ಗೃಹಸ್ಥನೊಬ್ಬ ವ್ಯಸನಮುಕ್ತಿಯ ಚಿಕಿತ್ಸೆಗಾಗಿ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗಬೇಕೆಂದರೆ ನಗರವನ್ನು ಉದ್ದಕ್ಕೂ ದಾಟಿ ಹೊಸೂರು ರಸ್ತೆಯನ್ನು ಸೇರಬೇಕು. ಅಲ್ಲಿ ವೈದ್ಯರು ಅವನಿಗೆ ಕೊಡಬಲ್ಲದ್ದು ಕೆಲವು ವಾರಗಳಿಗೊಮ್ಮೆ ಸ್ವಲ್ಪ ಹೊತ್ತು. ಆಸೆಯಾದರೋ ನಿತ್ಯವೂ ಬರುತ್ತದೆ. ಕೆಲಸ ಮುಗಿಸಿ ಬಸ್ಸಿಳಿದು ಮನೆಯತ್ತ ನಡೆಯುವ ಹಾದಿಯಲ್ಲಿ, ಪರಿಚಿತ ಅಂಗಡಿಯ ದೀಪ ಕಾಣುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಆಗ ವೈದ್ಯರು ಜೊತೆಯಲ್ಲಿಲ್ಲ, ಹೆಂಡತಿಯೂ ಇಲ್ಲ. ಜೊತೆಯಲ್ಲಿರುವುದು ಕಿಸೆಯೊಳಗಿನ ಮೊಬೈಲ್ ಫೋನೊಂದೇ.

ಈ ಯಂತ್ರ ಅಂಥ ಸಮಯದಲ್ಲಿ ಏನು ಮಾಡೀತು ಎಂದು ನಗುವವರು ಒಂದು ಹಳೆಯ ಸಂಗತಿಯನ್ನು ಕೇಳಬೇಕು. 1935ರ ಮೇ ತಿಂಗಳು. ಅಮೆರಿಕೆಯ ಆಕ್ರನ್ ಪಟ್ಟಣದ ಹೋಟೆಲೊಂದರ ಮೊಗಸಾಲೆಯಲ್ಲಿ ಬಿಲ್ ವಿಲ್ಸನ್ ಎಂಬಾತ ನಿಂತಿದ್ದ. ಕುಡಿತವನ್ನು ಬಿಟ್ಟು ಕೆಲವೇ ತಿಂಗಳಾಗಿದ್ದವು. ಬಂದ ವ್ಯವಹಾರ ಕೆಟ್ಟಿತ್ತು. ಒಂದು ಕಡೆ ಪಾನಗೃಹ, ಇನ್ನೊಂದು ಕಡೆ ದೂರವಾಣಿ. ಆತ ದೂರವಾಣಿಯ ಬಳಿಗೆ ಹೋದ. ಅಪರಿಚಿತ ಪಾದ್ರಿಯೊಬ್ಬರಿಗೆ ಕರೆ ಮಾಡಿದ. ಆ ಎಳೆ ಹಿಡಿದು ಅವನಿಗೆ ಸಿಕ್ಕಿದವರು, ತನ್ನಂತೆಯೇ ಕುಡಿತದಿಂದ ಬಳಲುತ್ತಿದ್ದ ಡಾಕ್ಟರ್ ಬಾಬ್ ಸ್ಮಿತ್. ಅವರಿಬ್ಬರ ಮಾತುಕತೆಯಿಂದಲೇ ಇಂದು ಲೋಕದ ತುಂಬ ಹಬ್ಬಿರುವ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘ ಹುಟ್ಟಿತು. ಅವನನ್ನು ಕಾಪಾಡಿದ್ದು ತಂತಿಯಲ್ಲ, ತಂತಿಯ ಆ ತುದಿಯಲ್ಲಿದ್ದ ಮನುಷ್ಯ ಎಂಬುದು ನಿಜ. ಆದರೆ ತಂತಿಯಿಲ್ಲದಿದ್ದರೆ ಆ ಮನುಷ್ಯ ಸಿಕ್ಕುತ್ತಿರಲಿಲ್ಲ.

ಇಂದಿನ ಸಾಧನಗಳ ಗುಟ್ಟೂ ಇದೇ. ಆಸೆಯ ಅಲೆ ಬಹುಮಟ್ಟಿಗೆ ಕೆಲವು ನಿಮಿಷಗಳಲ್ಲಿ ಏರಿ ಇಳಿಯುತ್ತದೆ. ಆ ನಿಮಿಷಗಳನ್ನು ದಾಟಿಸಿದರೆ ಆ ದಿನದ ಅರ್ಧ ಯುದ್ಧ ಗೆದ್ದಂತೆ. ಇಂಗ್ಲೆಂಡಿನ ಸಂಶೋಧಕರು ಸಿಗರೇಟು ಬಿಡಲಿಚ್ಛಿಸಿದ ಸುಮಾರು 5,800 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2011ರಲ್ಲಿ ಫಲವನ್ನು ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಧೈರ್ಯ ಹೇಳುವ ಕಿರುಸಂದೇಶಗಳು ಬರುತ್ತಿದ್ದವು. ಆಸೆ ಕೆರಳಿದಾಗ ಒಂದೇ ಪದವನ್ನು ಬರೆದು ಕಳುಹಿಸಿದರೆ ಆ ಕೂಡಲೆ ಉತ್ತರ ಸಿಕ್ಕುತ್ತಿತ್ತು. ಉಳಿದವರಿಗೆ ಬಂದದ್ದು ಸಂಬಂಧವಿಲ್ಲದ ಸಂದೇಶಗಳು. ಆರು ತಿಂಗಳ ಮೇಲೆ, ಎರಡನೆಯ ಗುಂಪಿನಲ್ಲಿ ಸಿಗರೇಟು ಮುಟ್ಟದೆ ಉಳಿದವರು ನೂರಕ್ಕೆ 4.9, ಮೊದಲನೆಯದರಲ್ಲಿ 10.7. ಎರಡರಷ್ಟಕ್ಕೂ ಹೆಚ್ಚು! ಆದರೆ ಇನ್ನೊಂದು ಲೆಕ್ಕವನ್ನೂ ಮರೆಯಬಾರದು: ನೂರರಲ್ಲಿ ಸುಮಾರು ತೊಂಬತ್ತು ಮಂದಿಗೆ ಇದೊಂದೇ ಸಾಲಲಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥ ಆಸರೆ ದೊರೆಯುತ್ತದೆ. ಸಿಗರೇಟು ಪೊಟ್ಟಣದ ಮೇಲಿನ ಭೀಕರ ಚಿತ್ರದ ಬಳಿ 1800-11-2356 ಎಂಬ ಸಂಖ್ಯೆಯನ್ನು 2018ರಿಂದ ಅಚ್ಚು ಹಾಕುತ್ತಿದ್ದಾರೆ. ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ ಅದು. ನಿಮ್ಹಾನ್ಸ್‌ನಲ್ಲಿಯೂ ಅದರ ಕೇಂದ್ರವಿರುವುದರಿಂದ ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಗೆ 14416 ಒತ್ತಿದರೆ ಹಗಲಿರುಳೆನ್ನದೆ ಮನಸ್ಸಿನ ಬಾಧೆಗೆ ಕಿವಿಗೊಡುವವರು ಸಿಕ್ಕುತ್ತಾರೆ. ಇವಲ್ಲದೆ, ವ್ಯಸನ ಬಿಟ್ಟ ದಿನಗಳನ್ನೂ ಉಳಿದ ಹಣವನ್ನೂ ಎಣಿಸಿಡುವ ಆ್ಯಪ್‌ಗಳು ಹೇರಳವಾಗಿವೆ. ಆಸೆ ಬಂದ ಹೊತ್ತು, ಸ್ಥಳ, ಆಗಿನ ಮನಸ್ಥಿತಿ ಇವನ್ನು ಅವುಗಳಲ್ಲಿ ಗುರುತು ಹಾಕಿಕೊಂಡರೆ, ಎರಡು ವಾರಗಳಲ್ಲಿ ಶತ್ರು ಬರುವ ದಾರಿ ತಿಳಿದುಹೋಗುತ್ತದೆ. ಸಂಬಳದ ದಿನವೋ, ಮೇಲಧಿಕಾರಿಯ ಬೈಗುಳವೋ, ಹಳೆಯ ಗೆಳೆಯನ ಕರೆಯೋ, ಕಾರಣ ಕಣ್ಣೆದುರಿಗೆ ನಿಲ್ಲುತ್ತದೆ.

ಆದರೆ ಎಚ್ಚರಿಕೆಯ ಮಾತುಗಳನ್ನೂ ಹೇಳದೆ ಬಿಡಲಾಗದು. ಬಹುಕಾಲದಿಂದ ನಿತ್ಯವೂ ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಮೈಸೆಳೆತ, ಸನ್ನಿ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನಿಗೆ ಮೊದಲು ಬೇಕಾದದ್ದು ವೈದ್ಯರ ಮೇಲ್ವಿಚಾರಣೆ, ಆ್ಯಪ್ ಅಲ್ಲ. ಎರಡನೆಯದು, ದಿನಗಳ ಲೆಕ್ಕ. ನಲವತ್ತು ದಿನ ಗೆದ್ದವನು ಒಂದು ಸಂಜೆ ಎಡವಿದರೆ ಹಲವು ಯಂತ್ರಗಳು ನಿರ್ದಾಕ್ಷಿಣ್ಯವಾಗಿ ಸೊನ್ನೆಯನ್ನು ತೋರಿಸುತ್ತವೆ. 'ಎಲ್ಲವೂ ಹೋಯಿತು, ಇನ್ನು ಕುಡಿದರೇನು?' ಎಂಬ ಹತಾಶೆ ಆಗಲೇ ಹೊಕ್ಕುವುದು. ಆ ನಲವತ್ತು ದಿನಗಳು ಎಲ್ಲಿಯೂ ಹೋಗಿಲ್ಲ. ಅಷ್ಟು ದಿನ ಅವನ ದೇಹ ಚೇತರಿಸಿಕೊಂಡಿದೆ, ಮನೆ ನೆಮ್ಮದಿಯಿಂದ ಉಂಡಿದೆ. ಇದನ್ನು ಯಂತ್ರ ಹೇಳದು, ಮನೆಯವರು ಹೇಳಬೇಕು.

ಮೂರನೆಯದು, ಜೂಜಿನ ವಿಷಯ. ಫೋನಿನಲ್ಲಿಯೇ ಹಣ ಕಟ್ಟಿ ಆಡುವ ಚಟಕ್ಕೆ ಬಿದ್ದವನಿಗೆ ಫೋನೇ ಪಾನಗೃಹ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಕಾನೂನು ಬಂದ ಮಾತ್ರಕ್ಕೆ ಚಟ ಮನಸ್ಸನ್ನು ಬಿಟ್ಟು ಹೋಗದು. ಫೋನಿನ ವ್ಯಸನಕ್ಕೆಂದೇ ನಿಮ್ಹಾನ್ಸ್ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತೆಂಬುದನ್ನು ತಂದೆತಾಯಿಗಳು ನೆನಪಿನಲ್ಲಿಡಬೇಕು.

ಕಡೆಯದಾಗಿ, ಸಹಧರ್ಮಿಣಿಯರಲ್ಲಿ ಒಂದು ವಿನಂತಿ. ಯಜಮಾನರ ಫೋನನ್ನು ಕದ್ದು ನೋಡಿ, ಅವರು ಬರೆದಿಟ್ಟ ಲೆಕ್ಕವನ್ನೇ ಅವರ ಮೇಲಿನ ಆಪಾದನೆಯಾಗಿ ಮಾಡಬೇಡಿ. ಒಮ್ಮೆ ಹಾಗಾದರೆ ಅವರು ನಿಜವನ್ನು ಬರೆಯುವುದನ್ನೇ ನಿಲ್ಲಿಸುತ್ತಾರೆ. ಎಷ್ಟೋ ವರ್ಷ ಮಾತು ತಪ್ಪಿದವರನ್ನು ನಂಬುವುದು ಸುಲಭವಲ್ಲ, ನಿಮ್ಮ ಸಹನೆಗೂ ಮಿತಿಯುಂಟು. ಆದರೂ, ಅವರು ತಾವಾಗಿಯೇ ತೋರಿಸಿದ ದಿನ ಕೂತು ನೋಡಿ. ಸಂಜೆ ಏಳು ಗಂಟೆಗೆ ಅಂಗಡಿಯ ಮುಂದೆ ನಿಂತು ಅವರು ಕರೆ ಮಾಡಬಹುದಾದ ಒಂದೆರಡು ಹೆಸರುಗಳನ್ನು, ಮನಸ್ಸು ಶಾಂತವಾಗಿರುವ ಬೆಳಗಿನ ಹೊತ್ತಿನಲ್ಲಿಯೇ ಇಬ್ಬರೂ ಸೇರಿ ಆರಿಸಿಡಿ. ಅಣ್ಣನದೋ, ಬಾಲ್ಯದ ಮಿತ್ರನದೋ, ಸಹಾಯವಾಣಿಯದೋ ಇರಲಿ. ನಿಮ್ಮದೂ ಇರಬಹುದು, ಇದ್ದರೆ, ಆ ಕರೆ ಬಂದಾಗ 'ಎಲ್ಲಿದ್ದೀರಿ?' ಎಂದು ಮೊದಲು ಕೇಳಬೇಡಿ. 'ಕಾಫಿಗೆ ನೀರಿಟ್ಟಿದ್ದೇನೆ, ಬನ್ನಿ' ಎನ್ನಿ.