7 ಗ್ರಾಂ ಎಲೆ, 10 ಸೆಕೆಂಡು

ಹುಬ್ಬಳ್ಳಿಯಲ್ಲಿ ನನ್ನದು ಬಾತ್‌ರೂಮ್ ಸಾಮಾನಿನ ಅಂಗಡಿ. ಕಮೋಡು ಮಾರುವವನು ಚಹಾದ ಪರಿಮಳದ ಬಗ್ಗೆ ಬರೆಯುವುದೇ ಅಂತ ನಗಬೇಡಿ, ಆ ಚಹಾ ನನಗೆ ಸಿಕ್ಕಿದ್ದೇ ಕಮೋಡಿನಿಂದ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಪೂರ್ವಕ್ಕಿರುವ ಚಾವ್‌ಝೌ, ಪಿಂಗಾಣಿಗೆ ಹೆಸರಾದ ಊರು. ವಾಶ್‌ಬೇಸಿನ್ ಖರೀದಿಗೆ ಅಲ್ಲಿಗೆ ಹೋದರೆ ದರದ ಮಾತು ಶುರುವಾಗುವ ಮೊದಲೇ ಚಹಾದ ತಟ್ಟೆ ಎದುರಿಗೆ ಬರುತ್ತದೆ. ಕುಳಿತವರು ಐವರಿದ್ದರೂ ಕಪ್ಪು ಮೂರೇ, ಅವೂ ಗೋಲಿಸೋಡಾದ ಒಂದು ಗುಟುಕು ಹಿಡಿಯುವಷ್ಟು. ಒಬ್ಬರು ಕುಡಿದಿಟ್ಟದ್ದನ್ನು ಬಿಸಿನೀರಲ್ಲಿ ತೊಳೆದು ಮುಂದಿನವರಿಗೆ ಕೊಡುತ್ತಾರೆ. ಚಹಾದ ಎಲೆಗೆ ಅವರ ಮಾತಿನಲ್ಲಿ 'ಚಹಾ ಅಕ್ಕಿ' ಎನ್ನುವ ಹೆಸರಿದೆ, ಅನ್ನದಷ್ಟೇ ನಿತ್ಯದ್ದು.

ಆ ಊರಿನ ಉತ್ತರಕ್ಕೆ ಫೆಂಗ್‌ಹ್ವಾಂಗ್ ಬೆಟ್ಟ. ಅಲ್ಲಿನ ಊಲಾಂಗ್ ಚಹಾಕ್ಕೆ ದಾನ್‌ತ್ಸೋಂಗ್, ಅಂದರೆ 'ಒಂಟಿ ಗಿಡ', ಎಂದು ಹೆಸರು. ಒಂದೊಂದು ಗಿಡದ ಎಲೆಯನ್ನು ಬೇರೆ ಬೇರೆ ಕಿತ್ತು, ಬೇರೆ ಬೇರೆಯಾಗಿಯೇ ಹದ ಮಾಡುತ್ತಿದ್ದರಿಂದ ಬಂದದ್ದು. ಒಂದು ತಳಿಗೆ ಜೇನು-ಆರ್ಕಿಡ್ ಪರಿಮಳ, ಇನ್ನೊಂದಕ್ಕೆ ಬಾದಾಮಿಯದು. ಮತ್ತೊಂದರ ಹೆಸರು ಕೇಳಿ: 'ಬಾತುಕೋಳಿ ಹಿಕ್ಕೆಯ ಪರಿಮಳ'. ಒಳ್ಳೆಯ ಗಿಡವನ್ನು ನೆರೆಯವರು ಕದ್ದಾರೆಂದು ರೈತನೊಬ್ಬ ಬೇಕಂತಲೇ ಆ ಹೆಸರಿಟ್ಟನೆಂದು ಕಥೆ. 2014ರಲ್ಲಿ ಅದನ್ನು 'ಬೆಳ್ಳಿಹೂವಿನ ಪರಿಮಳ' ಎಂದು ಬದಲಿಸಿದರು. ಮಾಡಬಾರದಿತ್ತು. ಗಿರಾಕಿಗಳು ಈಗಲೂ ಹಿಕ್ಕೆ ಅಂತಲೇ ಕೇಳಿ ಕೊಳ್ಳುತ್ತಾರೆ.

ಈ ಚಹಾ ಕೊಟ್ಟಾಗ ನಮ್ಮವರು ಮೊದಲು ಕೇಳುವುದು, "ಯಾವ ಎಸೆನ್ಸ್ ಹಾಕ್ಯಾರ?" ಏನೂ ಹಾಕಿಲ್ಲ. ಕಿತ್ತ ಎಲೆಯನ್ನು ಬಿಸಿಲಿಗೆ ಬಾಡಿಸಿ, ರಾತ್ರಿಯಿಡೀ ಬಿಟ್ಟು ಬಿಟ್ಟು ಬಿದಿರಿನ ಮೊರದಲ್ಲಿ ಅಲುಗಿಸುತ್ತಾರೆ. ಅಂಚು ಜಜ್ಜಿ ಕೆಂಪಗಾಗುತ್ತದೆ, ನಡು ಹಸಿರಾಗಿಯೇ ಇರುತ್ತದೆ. ಹೂವಿನ ಪರಿಮಳ ಏಳುವುದು ಆ ಹೊತ್ತಿನಲ್ಲೇ. ಸಾಕೆನಿಸಿದಾಗ ಕಾದ ಬಾಣಲೆಗೆ ಹಾಕಿ ತಡೆದು, ಹೊಸೆದು, ಇದ್ದಿಲ ಕೆಂಡದ ಕಾವಿನಲ್ಲಿ ಒಣಗಿಸುತ್ತಾರೆ.

ಇಷ್ಟು ಕಷ್ಟಪಟ್ಟು ಎಬ್ಬಿಸಿದ್ದನ್ನು ನಾನು ಮನೆಗೆ ತಂದು ಮೊದಲ ದಿನ ಹಾಲು, ಶುಂಠಿ ಹಾಕಿ ಕುದಿಸಿದೆ. ಮರುದಿನ ದೊಡ್ಡ ಮಗ್ಗಿನಲ್ಲಿ ಐದು ನಿಮಿಷ ನೆನೆಸಿದೆ, ಬೇವಿನ ಕಷಾಯವಾಯಿತು. ನಮಗೆ ಚಹಾ ಎಂದರೆ ಖಡಕ್ ಇರಬೇಕು. ಎಲೆ ಹಾಕುವಾಗ ಕೈ ಹಿಡಿಯುತ್ತೇವೆ, ಕುದಿಸುವಾಗ ಬಿಡುತ್ತೇವೆ. ದಾನ್‌ತ್ಸೋಂಗ್‌ಗೆ ಇದು ಪೂರಾ ಉಲ್ಟಾ ಆಗಬೇಕು.

ಬಟ್ಟಲು, ಮುಚ್ಚಳ, ಬಶಿ ಸೇರಿದ ಗಾಯ್‌ವಾನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 100 ಮಿ.ಲೀ. ಹಿಡಿಯುವ ಪಿಂಗಾಣಿ ಕಪ್ಪಿಗೆ ಬಶಿ ಮುಚ್ಚಿ, ಜರಡಿಯಲ್ಲಿ ಸೋಸಿದರಾಯಿತು. ಎಲೆ 7 ಗ್ರಾಂ, ಕಪ್ಪು ತುಂಬಿದಂತೆಯೇ ಕಾಣುತ್ತದೆ, ಅಂಜಬೇಡಿ. ನೀರು ಕುದಿಯುತ್ತಿರಲಿ. ಮೊದಲ ನೀರನ್ನು ಹಾಕಿದ ಕೂಡಲೇ ಬಗ್ಗಿಸಿ, ಅದರಲ್ಲಿ ಕುಡಿಯುವ ಕಪ್ಪುಗಳನ್ನು ತೊಳೆಯಿರಿ. ಆಗ ಮುಚ್ಚಳವನ್ನು ಮೂಗಿಗೆ ಹಿಡಿಯಲು ಮರೆಯಬೇಡಿ. ಎರಡನೇ ನೀರಿಗೆ 10 ಸೆಕೆಂಡು ಸಾಕು. ನಾಲ್ಕೈದು ಸರದಿ ಹೀಗೇ, ಆಮೇಲೆ ಪ್ರತಿ ಸಲ ಐದೈದು ಸೆಕೆಂಡು ಜಾಸ್ತಿ. ಸುರಿಯುವಾಗ ಮೂರು ಕಪ್ಪುಗಳ ಮೇಲೂ ಸುತ್ತುತ್ತಾ ಸ್ವಲ್ಪ ಸ್ವಲ್ಪ ಹಾಕಬೇಕು, ಒಬ್ಬರಿಗೆ ತೆಳು ಇನ್ನೊಬ್ಬರಿಗೆ ಗಟ್ಟಿ ಆಗಬಾರದು. ಇದಕ್ಕೆ ಅಲ್ಲಿಯವರು ಹಳೆಯ ದಂಡನಾಯಕನ ಹೆಸರಿಟ್ಟು 'ಗ್ವಾನ್ ಗೊಂಗ್ ಊರು ಕಾಯುವುದು' ಎನ್ನುತ್ತಾರೆ. ಕೊನೆಯ ಹನಿಗಳನ್ನು ಹಂಚುವುದಕ್ಕೆ ಇನ್ನೊಬ್ಬನ ಹೆಸರು: 'ಹಾನ್ ಶಿನ್ ಸೈನಿಕರನ್ನು ಎಣಿಸುವುದು'. ಎಣಿಸಲೇಬೇಕು. ಎಲೆಯಲ್ಲಿ ನೀರು ಉಳಿದರೆ ಮುಂದಿನ ಸರದಿ ಕಹಿ.

"7 ಗ್ರಾಂ ಎಲೆ ದುಂದು" ಎಂದು ನನ್ನ ತಮ್ಮ ಬೈದ. ಅಂಗಡಿಯವನ ಲೆಕ್ಕ ಹೇಳುತ್ತೇನೆ. ಒಳ್ಳೆಯ ಎಲೆ ಹತ್ತು ಸರದಿ ಬರುತ್ತದೆ. ಸರದಿಗೆ 90 ಮಿ.ಲೀ. ಹಿಡಿದರೂ 900 ಮಿ.ಲೀ. ಆಯಿತು. ಅದೇ 7 ಗ್ರಾಂ ಅನ್ನು 2 ಗ್ರಾಮಿನಂತೆ ದೊಡ್ಡ ಮಗ್ಗಿಗೆ ಹಾಕಿದರೆ ಮೂರೂವರೆ ಮಗ್ಗು, ಅಂದರೆ ಹೆಚ್ಚುಕಡಿಮೆ ಅಷ್ಟೇ ನೀರು. ಖರ್ಚು ಒಂದೇ. ಬೆಂಗಳೂರಿನ ಕೆಫೆಯೊಂದರಲ್ಲಿ ಚಿಟಿಕೆ ಎಲೆಗೆ ಹೂಜಿ ನೀರು ಸುರಿದು, ಪಕ್ಕದಲ್ಲಿ ಮರಳುಗಡಿಯಾರ ಇಟ್ಟು, ದುಬಾರಿ ಬಿಲ್ಲು ಕೊಟ್ಟರು. ಬಣ್ಣ ಬಂದಿತ್ತು, ಪರಿಮಳ ಬರಲಿಲ್ಲ. ಪ್ಯಾಕೆಟ್ಟಿನ ಬೆಲೆ ನೋಡಿ ಬೆರಗಾಗುವವರು ಆ ದುಡ್ಡಿನಲ್ಲಿ ಅರ್ಧಕ್ಕೆ ಸಾಧಾರಣ ಎಲೆ ಕೊಂಡು, ಇನ್ನರ್ಧಕ್ಕೆ ಒಂದು ಗಾಯ್‌ವಾನ್ ಕೊಳ್ಳಲಿ ಎನ್ನುವುದು ನನ್ನ ವಾದ.

ಈಗ ನನ್ನ ಗಲ್ಲೆಯ ಪಕ್ಕದಲ್ಲೂ ಮೂರು ಕಪ್ಪು ಇವೆ. ಮೊನ್ನೆ ಟೈಲ್ಸ್ ನೋಡಲು ಬಂದ ಗೌಂಡಿಗೆ ಕೊಟ್ಟೆ. ಒಂದಾದ ಮೇಲೊಂದು ನಾಲ್ಕು ಸರದಿ ಕುಡಿದು, ಖಾಲಿ ಕಪ್ಪು ಮೂಸಿ ಕೇಳಿದ: "ಹೂವಿನ ನೀರು ಚಲೋ ಐತ್ರೀ ಸಾವ್ಕಾರ್ರ. ಚಾ ಯಾವಾಗ ತರಸ್ತೀರಿ?"