ಲಾರಿ ಕ್ಯಾಬಿನ್‌ಗೆ ಎಸಿ ಬಂತು, ಚಾಲಕರ ಶುಗರ್ ನೋಡುವವರು ಯಾರು? ಕಳಂಬೋಲಿ ಹೇಳುವ ಕಥೆ

ನವಿ ಮುಂಬೈ: ಮುಂಬೈ-ಪುಣೆ ಎಕ್ಸ್‌ಪ್ರೆಸ್ ವೇ ಆರಂಭವಾಗುವುದು ಕಳಂಬೋಲಿಯಲ್ಲಿ. ಇಲ್ಲಿನ ಉಕ್ಕಿನ ಮಾರುಕಟ್ಟೆಗೆ ಬರುವ ಲಾರಿಗಳ ಸಾಲಿನಲ್ಲಿ 'ಕೆಎ' ನಂಬರ್ ಪ್ಲೇಟ್ ಕಾಣುವುದು ಅಪರೂಪವೇನಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಂದವರು ಲೋಡ್ ಇಳಿಸಿ, ಮರಳುವ ಲೋಡ್‌ಗಾಗಿ ಕಾಯುತ್ತಾರೆ. ಊಟ ಢಾಬಾದಲ್ಲಿ, ನಿದ್ದೆ ಕ್ಯಾಬಿನ್‌ನಲ್ಲಿ.

2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್‌ಗಿಂತ ಹೆಚ್ಚು ತೂಕದ ಸರಕು ಲಾರಿಗಳ ಕ್ಯಾಬಿನ್‌ಗೆ ಕೇಂದ್ರ ಸರ್ಕಾರ ಎಸಿ ಕಡ್ಡಾಯ ಮಾಡಿದೆ. ಚಾಲಕರ ದಣಿವು ರಸ್ತೆ ಸುರಕ್ಷತೆಯ ವಿಷಯ ಎಂದು ಒಪ್ಪಿಕೊಂಡ ಒಳ್ಳೆಯ ಹೆಜ್ಜೆಯಿದು. ಆದರೆ ದಣಿವಿಗೆ ಸೆಕೆಯೊಂದೇ ಕಾರಣವಲ್ಲ.

ಅಂಕಿಅಂಶ ಏನು ಹೇಳುತ್ತದೆ?

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ದಿನವಿಡೀ ಕುಳಿತೇ ಮಾಡುವ ಕೆಲಸ, ಹೊತ್ತಿಲ್ಲದ ಊಟ, ಅರೆಬರೆ ನಿದ್ದೆ, ತಂಬಾಕು ಎಲ್ಲವೂ ಈ ಅಪಾಯವನ್ನು ಹೆಚ್ಚಿಸುತ್ತವೆ. ಲಾರಿ ಚಾಲಕರ ಬದುಕಿನಲ್ಲಿ ಇವು ಒಟ್ಟಿಗೇ ಬರುತ್ತವೆ.

ಅನ್ನ ಬಿಟ್ಟು ರೊಟ್ಟಿ ತಿಂದರೆ ಸಾಕೇ?

ಇದೇ ಅಧ್ಯಯನ ತಂಡ 2025ರಲ್ಲಿ ಪ್ರಕಟಿಸಿದ ಆಹಾರ ವರದಿ ನಮ್ಮ ಸಾಮಾನ್ಯ ನಂಬಿಕೆಯೊಂದನ್ನು ಅಲುಗಾಡಿಸಿದೆ. ಭಾರತೀಯರ ಒಟ್ಟು ಕ್ಯಾಲೊರಿಯಲ್ಲಿ ಸುಮಾರು ಶೇ. 62ರಷ್ಟು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತದೆ. ಬಿಳಿ ಅನ್ನದ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಬದಲಾದ ಮಾತ್ರಕ್ಕೆ ಅಪಾಯ ತಗ್ಗುವುದು ಕಂಡುಬಂದಿಲ್ಲ. ಕಾರ್ಬೋಹೈಡ್ರೇಟ್‌ನ ಒಂದು ಪಾಲನ್ನು ಬೇಳೆಕಾಳು, ಹಾಲು-ಮೊಸರು, ಮೊಟ್ಟೆ, ಮೀನಿನ ಪ್ರೋಟೀನ್‌ಗೆ ಬಿಟ್ಟುಕೊಟ್ಟಾಗ ಅಪಾಯ ಕಡಿಮೆ ಇರುವುದು ಕಂಡಿದೆ.

ಅಂದರೆ ನಾಲ್ಕು ರೊಟ್ಟಿಯ ಜೊತೆ ಆಲೂ ಪಲ್ಯ, ಮೇಲೊಂದು ಸಿಹಿ ಚಹಾ ಎಂಬ ತಟ್ಟೆ ಬದಲಾಗಬೇಕು. ಎರಡು ರೊಟ್ಟಿ, ದಾಲ್ ಅಥವಾ ಮೊಟ್ಟೆ, ಸೌತೆಕಾಯಿ, ಈರುಳ್ಳಿ, ಮೊಸರು. ಇವೆಲ್ಲ ಢಾಬಾದಲ್ಲೇ ಸಿಗುವಂಥವು.

ಹೆಚ್ಚಾದರೂ ಅಪಾಯ, ಇಳಿದರೂ ಅಪಾಯ

ನಿಯಂತ್ರಣದಲ್ಲಿಲ್ಲದ ಶುಗರ್ ಮೊದಲು ನೋವು ಕೊಡುವುದಿಲ್ಲ. ಕಣ್ಣಿನ ರೆಟಿನಾಗೆ ಆಗುವ ಹಾನಿ ದೃಷ್ಟಿ ಮಂಜಾಗುವವರೆಗೂ ಗೊತ್ತಾಗದಿರಬಹುದು. ಪಾದದ ಸ್ಪರ್ಶ ಕುಂದಿದರೆ ಬ್ರೇಕ್ ಪೆಡಲ್ ಮೇಲಿನ ಹಿಡಿತವೂ ಕುಂದುತ್ತದೆ. ಹೃದಯ, ಕಿಡ್ನಿಗೂ ಪೆಟ್ಟು. ಕ್ಷಯರೋಗ ತಗಲುವ ಸಾಧ್ಯತೆ ಎರಡು-ಮೂರು ಪಟ್ಟು ಹೆಚ್ಚು.

ಇನ್ನೊಂದು ಬದಿಯೂ ಇದೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಶುಗರ್ ದಿಢೀರ್ ಇಳಿದು ಬೆವರು, ನಡುಕ, ಗೊಂದಲ ಶುರುವಾಗಬಹುದು. ಘಾಟಿ ಇಳಿಯುವಾಗ ಹೀಗಾದರೆ ಅಪಾಯ ಚಾಲಕನೊಬ್ಬನದ್ದಲ್ಲ. ಇಂಥ ಔಷಧ ತೆಗೆದುಕೊಳ್ಳುವವರು ಸಕ್ಕರೆ ಅಥವಾ ಗ್ಲೂಕೋಸ್ ಜೊತೆಗಿಟ್ಟುಕೊಳ್ಳಬೇಕು, ಲಕ್ಷಣ ಕಂಡ ಕೂಡಲೇ ಗಾಡಿ ನಿಲ್ಲಿಸಬೇಕು.

ಲೈಸೆನ್ಸ್ ಭಯ

ಸಾರಿಗೆ ವಾಹನದ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಅದಕ್ಕೆ ಬೇಕಾದ ಫಾರ್ಮ್ 1ಎ ವೈದ್ಯಕೀಯ ಪ್ರಮಾಣಪತ್ರದಲ್ಲಿ ದೃಷ್ಟಿ, ಕಿವಿ, ಅಂಗಾಂಗಗಳ ಪ್ರಶ್ನೆಗಳಿವೆ. ರಕ್ತದ ಸಕ್ಕರೆ ಪರೀಕ್ಷೆಯ ಕಡ್ಡಾಯವಿಲ್ಲ. ಹಾಗೆಂದು ಕಡ್ಡಾಯ ಮಾಡಿಬಿಟ್ಟರೆ ಕೆಲಸ ಹೋಗುವ ಭಯಕ್ಕೆ ಚಾಲಕರು ಕಾಯಿಲೆಯನ್ನೇ ಮುಚ್ಚಿಡಬಹುದು. ಪರೀಕ್ಷೆಯ ಜೊತೆಗೇ ಚಿಕಿತ್ಸೆ ಸಿಗಬೇಕು. ಶುಗರ್ ಹತೋಟಿಯಲ್ಲಿರುವವರು ಸ್ಟಿಯರಿಂಗ್ ಬಿಡಬೇಕಿಲ್ಲ ಎಂಬ ಭರವಸೆಯೂ ಬೇಕು.

30 ವರ್ಷ ದಾಟಿದವರಿಗೆ ಉಚಿತ ಮಧುಮೇಹ, ಬಿಪಿ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ಈಗಾಗಲೇ ಇದೆ. ಆದರೆ ಅದರ ದಾರಿ ಊರಿನ ಆರೋಗ್ಯ ಕೇಂದ್ರ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ. ತಿಂಗಳ ಬಹುಪಾಲು ಹೆದ್ದಾರಿಯಲ್ಲಿರುವವರು ಆ ಪಟ್ಟಿಯಿಂದ ಜಾರಿಹೋಗುತ್ತಾರೆ. ಚಾಲಕರು ಗಂಟೆಗಟ್ಟಲೆ ಕಾಯುವ ಕಳಂಬೋಲಿಯಂಥ ಜಾಗದಲ್ಲೇ ತಪಾಸಣೆ ನಡೆದು, ವರದಿ ಆಭಾ ಖಾತೆಗೆ ಸೇರಿ, ಹುಬ್ಬಳ್ಳಿಯಲ್ಲೂ ಅದೇ ಮಾತ್ರೆ ಸಿಗುವಂತಾದರೆ ಈ ಕೊಂಡಿ ಕೂಡುತ್ತದೆ. ಪರೀಕ್ಷೆಗೆ ಬೇಕಿರುವುದು ಒಂದು ಹನಿ ರಕ್ತ, ಕೆಲವೇ ನಿಮಿಷ. ಲೋಡ್‌ಗಾಗಿ ಕಾಯುವ ಚಾಲಕರ ಬಳಿ ಆ ಸಮಯವಂತೂ ಇದೆ.